ಔಷಧ ಸೇವನೆಯ ನೆನಪು

ವೈದ್ಯರು ಸೂಚಿಸಿದ ಔಷಧವನ್ನು ಸೂಚಿತ ಪ್ರಮಾಣದಲ್ಲಿ, ಸೂಚಿತ ವೇಳೆಗೆ ತಪ್ಪದೆ ಸೇವಿಸುವುದನ್ನು ಔಷಧ ಪಾಲನೆ ಎನ್ನಲಾಗುತ್ತದೆ. ಅಧಿಕ ರಕ್ತದೊತ್ತಡ, ಮಧುಮೇಹ, ಮೂರ್ಛೆರೋಗ, ಕ್ಷಯ ಮೊದಲಾದ ರೋಗಗಳಲ್ಲಿ ತಿಂಗಳುಗಟ್ಟಲೆ ಅಥವಾ ಜೀವನಪರ್ಯಂತ ಮಾತ್ರೆ ಸೇವಿಸಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2003ರ ವರದಿಯ ಪ್ರಕಾರ, ಅಭಿವೃದ್ಧಿ ಹೊಂದಿದ ದೇಶಗಳಲ್ಲಿಯೂ ದೀರ್ಘಕಾಲದ ಚಿಕಿತ್ಸೆಯ ಪಾಲನೆ ಸರಾಸರಿ ಶೇ. 50ರಷ್ಟು ಮಾತ್ರ. ಔಷಧದ ಬೆಲೆ, ಅಡ್ಡ ಪರಿಣಾಮಗಳ ಭಯ ಮತ್ತು ರೋಗಲಕ್ಷಣ ಕಾಣದಿರುವುದು ಇದಕ್ಕೆ ಕಾರಣಗಳಾಗಿದ್ದು, ಮರೆವು ಅವುಗಳಲ್ಲಿ ಒಂದು.

ಮರೆವಿನ ಸ್ವರೂಪ

ಮುಂದೆ ಮಾಡಬೇಕಾದ ಕೆಲಸವನ್ನು ನೆನಪಿನಲ್ಲಿಡುವುದರಲ್ಲಿ ಮನೋವಿಜ್ಞಾನಿಗಳು ಎರಡು ಬಗೆಗಳನ್ನು ಗುರುತಿಸುತ್ತಾರೆ. 'ಎಂಟು ಗಂಟೆಗೆ' ಎಂಬುದು ಕಾಲವನ್ನು ಅವಲಂಬಿಸಿದ ನೆನಪು. 'ಊಟವಾದ ಕೂಡಲೇ' ಎಂಬುದು ಘಟನೆಯನ್ನು ಅವಲಂಬಿಸಿದ ನೆನಪು. ಎರಡನೆಯದರಲ್ಲಿ ಘಟನೆಯೇ ಸೂಚನೆ ನೀಡುವುದರಿಂದ ಅದು ಸಾಮಾನ್ಯವಾಗಿ ಸುಲಭ.

ಮರೆವಿಗೆ ಇನ್ನೊಂದು ಮುಖವೂ ಇದೆ. ಪ್ರತಿದಿನ ಒಂದೇ ರೀತಿ ನಡೆಯುವ ಕೆಲಸವಾದ್ದರಿಂದ, ಇಂದು ಮಾತ್ರೆ ತೆಗೆದುಕೊಂಡದ್ದು ಇಂದೋ ನಿನ್ನೆಯೋ ಎಂಬ ಸಂದೇಹ ಹುಟ್ಟಿ, ಎರಡು ಬಾರಿ ಸೇವಿಸುವ ಸಂಭವವಿರುತ್ತದೆ. ಸಂಧಿವಾತಕ್ಕೆ ವಾರಕ್ಕೊಮ್ಮೆ ನೀಡುವ ಮೆಥೊಟ್ರೆಕ್ಸೇಟನ್ನು ತಪ್ಪಾಗಿ ಪ್ರತಿದಿನ ಸೇವಿಸಿದರೆ ಪ್ರಾಣಾಪಾಯವಾಗಬಹುದು.

ದಿನಚರಿಯ ಆಸರೆ

ಹಲ್ಲುಜ್ಜುವುದು, ದೇವರ ದೀಪ ಹಚ್ಚುವುದು, ರಾತ್ರಿ ಹಾಸಿಗೆ ಹಾಸುವುದು ಮುಂತಾದ, ಎಂದೂ ತಪ್ಪದ ಕೆಲಸವೊಂದಕ್ಕೆ ಮಾತ್ರೆಯನ್ನು ಜೋಡಿಸುವುದು ಸರಳ ವಿಧಾನ. ಆದರೆ ಆ ಕೆಲಸವು ಔಷಧದ ಗುಣಕ್ಕೆ ಹೊಂದಬೇಕು. ಮೆಟ್‌ಫಾರ್ಮಿನ್ ಅನ್ನು ಸಾಮಾನ್ಯವಾಗಿ ಊಟದೊಂದಿಗೆ ಸೇವಿಸಲಾಗುತ್ತದೆ. ಥೈರಾಯ್ಡ್ ಕೊರತೆಗೆ ನೀಡುವ ಥೈರಾಕ್ಸಿನ್ ಅನ್ನು ಸಾಮಾನ್ಯವಾಗಿ ಉಪಾಹಾರಕ್ಕೆ 30ರಿಂದ 60 ನಿಮಿಷ ಮೊದಲು, ಖಾಲಿ ಹೊಟ್ಟೆಯಲ್ಲಿ ಸೇವಿಸಬೇಕು. ಕಾಫಿಯು ಅದರ ಹೀರಿಕೆಯನ್ನು ಕುಗ್ಗಿಸುವುದರಿಂದ, ಬೆಳಗಿನ ಕಾಫಿಗಿಂತ ಹಲ್ಲುಜ್ಜುವ ವೇಳೆ ಅದಕ್ಕೆ ಸೂಕ್ತ. ಪ್ರಯಾಣ, ಹಬ್ಬ, ಉಪವಾಸಗಳಲ್ಲಿ ದಿನಚರಿ ಬದಲಾಗುವುದರಿಂದ ಆಗ ಬೇರೆ ಸೂಚನೆ ಬೇಕಾಗುತ್ತದೆ.

ಮಾತ್ರೆ ಡಬ್ಬಿ

ವಾರದ ಏಳು ದಿನಗಳಿಗೆ ಪ್ರತ್ಯೇಕ ಖಾನೆಗಳಿರುವ ಡಬ್ಬಿಯು ನೆನಪಿಸುವುದರ ಜೊತೆಗೆ ಸಾಕ್ಷಿಯೂ ಆಗುತ್ತದೆ: ಖಾನೆ ಬರಿದಾಗಿದ್ದರೆ ಮಾತ್ರೆ ತೆಗೆದದ್ದಾಗಿದೆ. ಅಮೆರಿಕದ ಎಂಜಿನಿಯರ್ ಡೇವಿಡ್ ವ್ಯಾಗ್ನರ್ ಅವರು ಪತ್ನಿಯ ಗರ್ಭನಿರೋಧಕ ಮಾತ್ರೆಗಳ ಲೆಕ್ಕ ತಪ್ಪದಿರಲೆಂದು ದಿನಗಳನ್ನು ತೋರಿಸುವ ಡಬ್ಬಿಯೊಂದನ್ನು ರೂಪಿಸಿ, 1964ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ತೇವಾಂಶ ತಾಗಬಾರದ ಕೆಲವು ಮಾತ್ರೆಗಳನ್ನು ಮೂಲ ಪೊಟ್ಟಣದಿಂದ ಹೊರತೆಗೆದು ಇಡಬಾರದು. ಈ ಬಗ್ಗೆ ಔಷಧ ವಿತರಕರನ್ನು ಕೇಳಬೇಕು.

ತಂತ್ರಜ್ಞಾನ

ಮೊಬೈಲ್ ಅಲಾರಂ, ಸಂದೇಶ ಮತ್ತು ಆ್ಯಪ್‌ಗಳು ಕಾಲವನ್ನು ಅವಲಂಬಿಸಿದ ನೆನಪನ್ನು ಶಬ್ದದ ಸೂಚನೆಯಾಗಿ ಬದಲಿಸುತ್ತವೆ. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ರೂಪುಗೊಂಡ '99ಡಾಟ್ಸ್' ವ್ಯವಸ್ಥೆಯನ್ನು ಭಾರತದಲ್ಲಿ ಕ್ಷಯರೋಗಿಗಳಿಗಾಗಿ ಬಳಸಲಾಗಿದೆ. ಇದರಲ್ಲಿ ಮಾತ್ರೆ ಹೊರತೆಗೆದಾಗ ಅದರ ಹಿಂದೆ ಅಡಗಿದ ದೂರವಾಣಿ ಸಂಖ್ಯೆ ಕಾಣಿಸುತ್ತದೆ; ರೋಗಿ ಅದಕ್ಕೆ ಉಚಿತ ಕರೆ ಮಾಡುತ್ತಾರೆ. ಕರೆ ಬಾರದಿದ್ದರೆ ಆರೋಗ್ಯ ಕಾರ್ಯಕರ್ತರು ರೋಗಿಯನ್ನು ವಿಚಾರಿಸಬಹುದು. ಇದಕ್ಕೆ ಸಾಮಾನ್ಯ ಮೊಬೈಲ್ ಸಾಕು.

ಇಂತಹ ಸಾಧನಗಳಿಗೆ ಮಿತಿಗಳಿವೆ. ಕರೆ ಬಂದ ಮಾತ್ರಕ್ಕೆ ಮಾತ್ರೆ ನುಂಗಿದ್ದಾರೆಂದು ಖಚಿತವಾಗುವುದಿಲ್ಲ. ಕೆಲಸದ ನಡುವೆ ಅಲಾರಂ ನಿಲ್ಲಿಸಿ 'ಆಮೇಲೆ ತೆಗೆದುಕೊಂಡರಾಯಿತು' ಎಂದುಕೊಂಡರೆ ಮರೆವು ಮರಳುತ್ತದೆ. ಆದ್ದರಿಂದ ಮಾತ್ರೆ ನುಂಗಿದ ನಂತರವೇ ಅಲಾರಂ ನಿಲ್ಲಿಸುವುದು, ಅದು ಮೊಳಗುವ ಜಾಗದಲ್ಲೇ ಡಬ್ಬಿ ಮತ್ತು ನೀರು ಇಡುವುದು ಉಪಯುಕ್ತ. ಮನೆಯಲ್ಲಿ ಮಕ್ಕಳಿದ್ದರೆ ಡಬ್ಬಿ ಅವರ ಕೈಗೆಟುಕಬಾರದು.

ಮಾತ್ರೆ ತಪ್ಪಿದಾಗ

ತಪ್ಪಿದ ಮಾತ್ರೆಯನ್ನು ಸರಿದೂಗಿಸಲು ವೈದ್ಯರ ಸಲಹೆಯಿಲ್ಲದೆ ಎರಡು ಪಟ್ಟು ಸೇವಿಸಬಾರದು. ಅನುಸರಿಸಬೇಕಾದ ಕ್ರಮ ಒಂದೊಂದು ಔಷಧಕ್ಕೂ ಬೇರೆಯಾಗಿರುವುದರಿಂದ, ಔಷಧ ಬರೆಸಿಕೊಳ್ಳುವಾಗಲೇ ಅದನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಮಾತ್ರೆ ಪದೇ ಪದೇ ತಪ್ಪುತ್ತಿದ್ದರೆ ವೈದ್ಯರಿಗೆ ಮುಚ್ಚಿಡದೆ ತಿಳಿಸಬೇಕು. ಇಲ್ಲವಾದರೆ ಔಷಧವೇ ಸಾಲದೆಂದು ಅವರು ಅದರ ಪ್ರಮಾಣವನ್ನು ಹೆಚ್ಚಿಸುವ ಸಾಧ್ಯತೆಯಿರುತ್ತದೆ.