ಹೆಂಡತಿ ಬಸುರಿಯಾದರೆ ಗಂಡನಿಗೂ ವಾಕರಿಕೆಯೇ?

ಪ್ರಶ್ನೆ: ನನ್ನ ಹೆಂಡತಿಗೆ ಈಗ ನಾಲ್ಕು ತಿಂಗಳು. ಬೆಳಗಾದರೆ ನನಗೂ ಹೊಟ್ಟೆ ತೊಳಸುತ್ತದೆ, ಊಟ ಸೇರುವುದಿಲ್ಲ. ಇದು ಬರೀ ಭ್ರಮೆಯೇ?

ಉತ್ತರ: ಭ್ರಮೆಯಲ್ಲ. ತಂದೆಯಾಗಲಿರುವ ಕೆಲವರಿಗೆ ವಾಕರಿಕೆ, ಹಲ್ಲುನೋವು, ಬೆನ್ನುನೋವು, ನಿದ್ದೆಗೇಡು ಕಾಣಿಸುವುದುಂಟು. ಇದಕ್ಕೆ ‘ಕೂವಾಡ್ ಸಿಂಡ್ರೋಮ್’ ಎನ್ನುತ್ತಾರೆ. ವೈದ್ಯಕೀಯದಲ್ಲಿ ಇದು ಕಾಯಿಲೆ ಎಂದು ಪಟ್ಟಿಯಾಗಿಲ್ಲ. ಆತಂಕದ ಪಾಲು ಇದ್ದೇ ಇರುತ್ತದೆ. ಆದರೆ ಗಂಡಿನ ದೇಹವೂ ಸುಮ್ಮನಿರುವುದಿಲ್ಲ. ಕೆನಡಾದ ಸಂಶೋಧಕರು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆರಿಗೆ ಹತ್ತಿರವಾದಾಗ ಗಂಡಂದಿರ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೆಚ್ಚಿತ್ತು, ಮಗು ಹುಟ್ಟಿದ ಮೇಲೆ ಟೆಸ್ಟೋಸ್ಟೆರಾನ್ ಇಳಿದಿತ್ತು.

ಹಾಗೆಂದು ಇಬ್ಬರ ಅನುಭವ ಒಂದೇ ಅಲ್ಲ. ಚೊಚ್ಚಲ ಬಸುರಿಗೆ ಸಾಮಾನ್ಯವಾಗಿ 18ರಿಂದ 20ನೇ ವಾರದಲ್ಲಿ ಮಗುವಿನ ಮಿಸುಕಾಟ ಗೊತ್ತಾಗುತ್ತದೆ. ಮೊದಮೊದಲು ಹೊಟ್ಟೆಯಲ್ಲಿ ಗಾಳಿ ಗುಳುಗುಟ್ಟಿದ ಹಾಗೆ, ಆಮೇಲೆ ಸ್ಪಷ್ಟವಾದ ಒದೆತ. ಅದು ಗಂಡನ ಅಂಗೈಗೆ ತಾಕಲು ಇನ್ನೂ ಕೆಲವು ವಾರ ಬೇಕು. ಅಲ್ಲಿಯವರೆಗೆ ಅವನ ಪಾಲಿಗೆ ಮಗುವೆಂದರೆ ಸ್ಕ್ಯಾನಿಂಗ್‌ನ ಕಪ್ಪು-ಬಿಳುಪು ಚಿತ್ರವಷ್ಟೇ. ನಮ್ಮಲ್ಲಂತೂ ಸೀಮಂತ ಮುಗಿಸಿ ಮಗಳನ್ನು ತವರಿಗೆ ಕರೆದೊಯ್ಯುವುದು ವಾಡಿಕೆ, ಒದೆತ ಜೋರಾಗುವ ಹೊತ್ತಿಗೆ ಗಂಡ ದೂರವೇ ಉಳಿಯುತ್ತಾನೆ. ತವರಿನ ಆರೈಕೆ ಬೇಕು, ನಿಜ. ಗಂಡನನ್ನು ನೆಂಟನಂತೆ ಹೊರಗಿಡುವುದು ಮಾತ್ರ ಸರಿಯಲ್ಲ.

ತಪಾಸಣೆಗೆ ಜೊತೆಯಲ್ಲಿ ಹೋಗಿ. ಆರನೇ ತಿಂಗಳು ಕಳೆಯುವಷ್ಟರಲ್ಲಿ ಮಗುವಿಗೆ ಹೊರಗಿನ ದನಿ ಕೇಳಿಸತೊಡಗುತ್ತದೆ, ಮಾತಾಡಿಸಿ. ನಿಮ್ಮ ವಾಂತಿ ನಿಲ್ಲದಿದ್ದರೆ, ತೂಕ ಇಳಿಯುತ್ತಿದ್ದರೆ, ಹೆಂಡತಿಯ ಬಸಿರಿನದೇ ಪ್ರಭಾವವೆಂದು ಸುಮ್ಮನಿರದೆ ನೀವೂ ವೈದ್ಯರಿಗೆ ತೋರಿಸಿಕೊಳ್ಳಿ.