ಅಟ್ಟದ ಮೇಲಿನ ಸಿಹಿಗುಂಬಳ

ಆಯುಧಪೂಜೆಯ ಮರುದಿನ ಸಂತೆಯಲ್ಲಿ ಕುಂಬಳಕಾಯಿಯನ್ನು ಕೇಳುವವರೇ ಇಲ್ಲ. ಹಿಂದಿನ ದಿನ ಮಧುಗಿರಿಯಲ್ಲಾಗಲಿ ಶಿರಾದಲ್ಲಾಗಲಿ ಗಾಡಿಗಾಡಿ ಬೂದುಗುಂಬಳ ಬಂದು ಬಿದ್ದಿರುತ್ತದೆ. ಬಸ್ಸು, ಲಾರಿ, ಅಂಗಡಿ, ಗಿರಣಿ ಎಲ್ಲಕ್ಕೂ ದೃಷ್ಟಿ ತೆಗೆಯಬೇಕಲ್ಲ! ಸಂಜೆಯ ಹೊತ್ತಿಗೆ ಕುಂಕುಮ ತುಂಬಿದ ಹೋಳುಗಳು ರಸ್ತೆಯ ತುಂಬ ಹರಡಿ, ಅದರ ಮೇಲೆ ಸೈಕಲ್ಲು, ಮೋಟಾರುಸೈಕಲ್ಲಿನವರು ಜಾರಿ ಬೀಳುವುದೂ ಉಂಟು. ರಸ್ತೆಯಲ್ಲಿ ಒಡೆಯಬೇಡಿರಪ್ಪಾ ಎಂದು ಪೋಲೀಸಿನವರು ವರ್ಷವರ್ಷವೂ ಹೇಳುತ್ತಾರೆ. ನಾವು ವರ್ಷವರ್ಷವೂ ಒಡೆಯುತ್ತೇವೆ.

ನಾನು ಇಲ್ಲಿ ಹೇಳಹೊರಟಿರುವುದು ಆ ಬೂದುಗುಂಬಳದ ವಿಷಯವಲ್ಲ, ಅದರ ದೂರದ ನೆಂಟನಾದ ಸಿಹಿಗುಂಬಳದ ವಿಷಯ. ಎರಡನ್ನೂ ನಾವು ಕುಂಬಳಕಾಯಿ ಎಂದೇ ಕರೆದರೂ ಹುಟ್ಟೂರು ಬೇರೆ, ಗುಣ ಬೇರೆ. ಬೂದುಗುಂಬಳ ನಮ್ಮ ಏಷ್ಯದ್ದೇ ಕಾಯಿ. ಮೈಮೇಲೆ ಬಿಳಿಯ ಬೂದಿ ಹಚ್ಚಿದಂತಿರುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಹುಟ್ಟಿದ್ದು ಆ ಬೂದಿಯಿಂದಲೇ; ಸಿಹಿಗುಂಬಳ ಕದ್ದವನಿಗೆ ಆ ಭಯವಿಲ್ಲ. ಸಿಹಿಗುಂಬಳ ಅಮೆರಿಕ ಖಂಡದಿಂದ ಬಂದದ್ದು. 16ನೆಯ ಶತಮಾನದಿಂದೀಚೆಗೆ, ಮೆಣಸಿನಕಾಯಿ, ಕಡಲೆಕಾಯಿ ಮೊದಲಾದುವುಗಳ ಹಾಗೆ, ಹಡಗು ಹತ್ತಿ ನಮ್ಮ ಕಡೆಗೆ ಬಂದು, ನಮ್ಮ ತಿಪ್ಪೆಯ ಮೇಲೆ ಹಬ್ಬಿ, ನಮ್ಮದೇ ಆಗಿಹೋಯಿತು. ಮಲೆನಾಡಿನ ಕಡೆ ಅದನ್ನು ಚೀನೀಕಾಯಿ ಎನ್ನುತ್ತಾರೆ. ಮೂರು ಕಡೆ ಆಂಧ್ರವನ್ನೇ ನೆರೆಯಾಗಿ ಉಳ್ಳ ಪಾವಗಡದಲ್ಲಿ ಗುಮ್ಮಡಿಕಾಯಿ ಎಂದರೂ ಎಲ್ಲರಿಗೂ ತಿಳಿಯುತ್ತದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಮಳೆಗೆ ಮುಖ ನೋಡುವ ಸೀಮೆ. ಪಾವಗಡದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿಗೂ ಕಡಮೆ. ಮುಂಗಾರು ಮೋಡ ತೋರಿಸಿ ಹೋಗುತ್ತದೆ. ಉತ್ತರೆ, ಹಸ್ತದ ಮಳೆಯೇ ನಿಜವಾದ ಆಸರೆ. ಕಡಲೆಕಾಯಿ ಹೊಲದ ಬದುವಿನಲ್ಲೋ ಹಿತ್ತಲ ಬೇಲಿಯಲ್ಲೋ ಜೂನಿನಲ್ಲಿ ಊರಿದ ಕುಂಬಳದ ಬೀಜ, ಹೂವಾಗಿ ಕಾಯಾಗಿ, ನಾಲ್ಕು ತಿಂಗಳಿಗೆ ಸರಿಯಾಗಿ ಭಾದ್ರಪದ ಆಶ್ವಯುಜದ ಹೊತ್ತಿಗೆ ಬಲಿಯುತ್ತದೆ. ಪಿತೃಪಕ್ಷದಲ್ಲಿ ಹಿರಿಯರ ಎಡೆಗೆ ಅನೇಕ ಮನೆಗಳಲ್ಲಿ ಕುಂಬಳದ ಪಲ್ಯ ಬೇಕೇಬೇಕು. ಆಮೇಲೆ? ಆಮೇಲೆ ಅಟ್ಟ.

ಕೊರಟಗೆರೆ ತಾಲ್ಲೂಕಿನ ಹಳ್ಳಿಯಲ್ಲಿರುವ ನಮ್ಮ ದೊಡ್ಡಮ್ಮನ ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ಹೀಗೇ ಆಯಿತು. ಹಸ್ತ ಚೆನ್ನಾಗಿ ಹೊಯ್ದು ಬಳ್ಳಿ ತುಂಬ ಕಾಯಿ. ಕೊಳ್ಳಲು ಬಂದ ವ್ಯಾಪಾರಿ ಹೇಳಿದ ಬೆಲೆ ಟೆಂಪೋ ಬಾಡಿಗೆಗೂ ಸಾಲದು. ಅಟ್ಟದ ಮೇಲೆ ಮೂವತ್ತಕ್ಕೂ ಹೆಚ್ಚು ಕಾಯಿ ಹುಲ್ಲಿನಲ್ಲಿ ಕುಳಿತವು. ಮೊಮ್ಮಕ್ಕಳು ಪಲ್ಯ ಕಂಡರೆ ತಟ್ಟೆ ಬಿಟ್ಟೇಳುತ್ತಿದ್ದರು. “ಇನ್ನೇನು, ದನಕ್ಕೆ ಹಾಕೋದೇ ಸೈ ಕಣವ್ವಾ” ಎಂದರು ದೊಡ್ಡಮ್ಮ. ಹೇಳುವಾಗ ಅವರ ಮುಖ ನಾನು ನೋಡಿದ್ದೆ. ಕೊಡ ಹೊತ್ತು ನೀರು ಹಾಕಿ ಬೆಳೆಸಿದವರು ಅವರು.

ಅದೇ ವಾರ ಅಮೆರಿಕದಲ್ಲಿರುವ ಅವರ ಮಗಳು ಫೋನು ಮಾಡಿದಾಗ ಈ ಮಾತು ಬಂತು. ಆಕೆ ನಕ್ಕು, “ಇಲ್ಲಿ ಈಗ ಊರೆಲ್ಲ ಕುಂಬಳಕಾಯಿಯೇ ಅಮ್ಮ. ನಾನೂ ತಟ್ಟೆಯಲ್ಲಿ ಬೇಯಿಸಿ ಬಿಲ್ಲೆ ಕೊಯ್ದಿದ್ದೇನೆ” ಎಂದಳು. ಆ ದೇಶದಲ್ಲಿ ಎಲೆ ಉದುರುವ ಕಾಲದಲ್ಲಿ ಕುಂಬಳದ ಸಿಹಿ ಮಾಡುವುದು ಹಬ್ಬದ ವಾಡಿಕೆ. ನವೆಂಬರಿನ ನಾಲ್ಕನೆಯ ಗುರುವಾರ ಅವರು ಆಚರಿಸುವ ಕೃತಜ್ಞತೆಯ ಹಬ್ಬಕ್ಕೆ, ಆ ದಿನವನ್ನು 1941ರಲ್ಲಿ ಕಾನೂನಿನಿಂದಲೇ ಗೊತ್ತುಮಾಡಿದ್ದಾರೆ, ಕುಂಬಳದ ಭಕ್ಷ್ಯವಿಲ್ಲದೆ ಊಟವಿಲ್ಲ. ಅಲ್ಲಿನ ಡಬ್ಬಿಗಳಲ್ಲಿ ತುಂಬಿ ಮಾರುವ ಕುಂಬಳದ ಹೆಚ್ಚಿನ ಪಾಲು ಇಲಿನಾಯ್ ಪ್ರಾಂತದ್ದು. ತಮಾಷೆಯೆಂದರೆ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದು ನಮ್ಮ ಸಿಹಿಗುಂಬಳದ ಜಾತಿಯೇ.

ಅವಳು ಹೇಳಿದ ಅಳತೆಯಂತೆ ನಾವು ಮಾಡಿದೆವು. ಕುಂಬಳ ಬೇಯಿಸಿ, ಅರೆದು, ಹಿಟ್ಟು, ಬೆಲ್ಲ, ಎಣ್ಣೆ ಕಲಸಿ, ಮರಳು ಹಾಕಿದ ದಪ್ಪ ಪಾತ್ರೆಯೊಳಗೆ ಇಟ್ಟು ಮುಚ್ಚಿದೆವು. ಒಂದು ಗಂಟೆಯ ಮೇಲೆ ತೆಗೆದರೆ ತಳ ಸೀದಿದೆ, ನಡುವೆ ಹಸಿ ಅಂಬಲಿ! “ಇದು ಕಡುಬೂ ಅಲ್ಲ, ಹಲ್ವವೂ ಅಲ್ಲ” ಎಂದು ದೊಡ್ಡಮ್ಮ ತೀರ್ಪು ಕೊಟ್ಟರು. ಅರ್ಧ ಕೆ.ಜಿ. ಬೆಲ್ಲ ದಂಡ.

ತಪ್ಪು ತಿಳಿದದ್ದು ಪೇಟೆಯ ಒಬ್ಬ ಬೇಕರಿಯವರಿಂದ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಕುಂಬಳದ ನೀರನ್ನ ಏನು ಮಾಡಿದ್ರಿ ಅಮ್ಮಾವ್ರೇ?”

ಇಡೀ ಗುಟ್ಟು ಇಲ್ಲೇ ಇದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕುಂಬಳದ ತಿರುಳಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು. ಡಬ್ಬಿಯ ಕುಂಬಳವನ್ನು ಕಾರ್ಖಾನೆಯಲ್ಲೇ ಗಟ್ಟಿಮಾಡಿ ತುಂಬಿರುತ್ತಾರೆ. ಚಮಚವನ್ನು ನಿಲ್ಲಿಸಿದರೆ ನಿಲ್ಲುತ್ತದೆ. ನಾವು ನೀರು ಹಾಕಿ ಬೇಯಿಸಿ, ಆ ನೀರನ್ನೂ ಸೇರಿಸಿಯೇ ಅರೆದಿದ್ದೆವು. ಹಿಟ್ಟು ಹೊಂದಿಕೊಂಡು ಬಿಲ್ಲೆಯಾಗಿ ನಿಲ್ಲಬೇಕಾದರೆ ಒಳಗಿನ ಶಾಖ ಸುಮಾರು ತೊಂಬತ್ತೈದು ಡಿಗ್ರಿಗೆ ಏರಬೇಕು. ನೀರು ಹೆಚ್ಚಿದ್ದರೆ ಒಲೆಯ ಕಾವೆಲ್ಲ ಆ ನೀರನ್ನು ಕಾಯಿಸಿ ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ. ನಡುಭಾಗ ಬೇಯುವುದರೊಳಗೆ ತಳ ಕರಿಯಾಗುತ್ತದೆ. ಕಡುಬಿಗಾದರೆ ಈ ತೊಂದರೆ ಇಲ್ಲ, ಅದು ಬೇಯುವುದೇ ಹಬೆಯಲ್ಲಿ. ಉತ್ತರ ಕರ್ನಾಟಕದ ಗಾರಿಗೆಗೂ ಇಲ್ಲ, ಅದು ತೆಳ್ಳಗೆ ತಟ್ಟಿ ಎಣ್ಣೆಯಲ್ಲಿ ಕರಿಯುವಂಥದು. ಒಣಕಾವಿನಲ್ಲಿ ಬೇಯಿಸುವ ಬಿಲ್ಲೆಗೆ ಮಾತ್ರ ನೀರೇ ಶತ್ರು. ಪೂರ್ತಿ ಶತ್ರುವೂ ಅಲ್ಲವೆನ್ನಿ. ಉಳಿದ ಚೂರು ನೀರನ್ನು ಕುಂಬಳದ ನಾರು, ಬೆಲ್ಲ ಎರಡೂ ಹಿಡಿದಿಟ್ಟುಕೊಳ್ಳುವುದರಿಂದಲೇ ಈ ಬಿಲ್ಲೆ ಮರುದಿನವೂ ಮೆತ್ತಗಿರುವುದು.

ಈಗ ಕಾಯಿ ಆರಿಸುವ ಮಾತು. ಉಗುರು ಒತ್ತಿದರೆ ಸಿಪ್ಪೆ ಇಳಿಯಬಾರದು. ತೊಟ್ಟು ಒಣಗಿ ಬೆಂಡಿನಂತಾಗಿರಬೇಕು. ಕೊಯ್ಯುವಾಗ ಮೂರು ನಾಲ್ಕು ಅಂಗುಲ ತೊಟ್ಟು ಬಿಟ್ಟು ಕೊಯ್ದರೆ ಕೊಳೆ ಒಳಗೆ ಇಳಿಯದು. ಬಳ್ಳಿಯಿಂದ ಇಳಿಸಿದ ಕೂಡಲೆ ಸಿಹಿಗೆ ಅವಸರಪಡಬೇಡಿ. ಅಟ್ಟದಲ್ಲಿ ಕೆಲವು ವಾರ ಕುಳಿತಾಗ ಒಳಗಿನ ಪಿಷ್ಟ ಸ್ವಲ್ಪಸ್ವಲ್ಪವಾಗಿ ಸಕ್ಕರೆಯಾಗಿ ಮಾರ್ಪಡುತ್ತದೆ. ಹಳೆಯ ಕಾಯಿಗೆ ರುಚಿ ಹೆಚ್ಚು ಎಂದು ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಪೇಟೆಯಲ್ಲಿ ಕೊಳ್ಳುವವರು ಒಳಗೆ ಕಡು ಕಿತ್ತಳೆ ಬಣ್ಣವಿರುವ, ಗಟ್ಟಿ ತಿರುಳಿನ ಹೋಳನ್ನು ಆರಿಸಲಿ. ಹೊಸದಾಗಿ ಬೀಜ ಊರುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಚಂದನ್ ತಳಿ ಒಪ್ಪುತ್ತದೆ. ಕಾಯಿ ಎರಡು ಮೂರು ಕೆ.ಜಿ. ತೂಗುತ್ತದೆ, ಸಣ್ಣ ಸಂಸಾರಕ್ಕೆ ಹೊರೆಯಾಗದು.

ಇಡೀ ಕುಂಬಳಕಾಯಿಯನ್ನು ಹೆಂಗಸರು ಒಡೆಯಬಾರದು, ಗಂಡಸರೇ ಮೊದಲ ಏಟು ಹಾಕಬೇಕು ಎಂಬ ನಂಬಿಕೆ ನಮ್ಮ ಕಡೆ ಉಂಟು. ಸಿಪ್ಪೆಯ ಗಟ್ಟಿತನವನ್ನು ನೋಡಿದರೆ ಇದರಲ್ಲಿ ಗಂಡಸರಿಗೆ ಒಂದು ಕೆಲಸವಾದರೂ ಸಿಕ್ಕಲೆಂಬ ಉದ್ದೇಶ ಇದ್ದಿರಬಹುದೆಂದು ನನಗೆ ತೋರುತ್ತದೆ.

ಸಿಪ್ಪೆ, ಬೀಜ ತೆಗೆದ ಅರ್ಧ ಕೆ.ಜಿ. ಹೋಳನ್ನು ನೀರು ಹಾಕದೆ ಹಬೆಯಲ್ಲಿ ಬೇಯಿಸಿ, ತೆಳು ಬಟ್ಟೆಯಲ್ಲಿ ಕಟ್ಟಿ ಅರ್ಧ ಗಂಟೆ ತೂಗುಹಾಕಬೇಕು. ಸೋರಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಿ. ಆಮೇಲೆ ನುಣ್ಣಗೆ ಅರೆದು, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ತಳ ಬಿಡುವವರೆಗೆ ಕೈಯಾಡಿಸಬೇಕು. ಹೀಗೆ ಗಟ್ಟಿಯಾದ ತಿರುಳಿನಲ್ಲಿ 250 ಗ್ರಾಂ ಸಾಕು. ಅದು ಪೂರ್ತಿ ಆರಿದ ಮೇಲೆ ಕುಟ್ಟಿ ಜರಡಿಯಾಡಿದ ಬೆಲ್ಲ 200 ಗ್ರಾಂ, ಕಡಲೆಕಾಯಿ ಎಣ್ಣೆ 100 ಮಿಲಿಲೀಟರು, ಗಟ್ಟಿ ಮೊಸರು ನಾಲ್ಕು ದೊಡ್ಡ ಚಮಚ ಹಾಕಿ ಬೆಲ್ಲ ಕರಗುವಂತೆ ಕಡೆಯಿರಿ. ಬೇರೊಂದು ಪಾತ್ರೆಯಲ್ಲಿ ಗೋಧಿಹಿಟ್ಟು 150 ಗ್ರಾಂ, ಹುರಿದ ರಾಗಿಹಿಟ್ಟು 50 ಗ್ರಾಂ, ಒಂದು ಚಹಾಚಮಚ ಬೇಕಿಂಗ್ ಪೌಡರ್, ಅರ್ಧ ಚಹಾಚಮಚ ಅಡಿಗೆ ಸೋಡ, ಚಿಟಿಕೆ ಉಪ್ಪು, ಏಲಕ್ಕಿ, ಒಣಶುಂಠಿ, ಚಕ್ಕೆ, ಒಂದೆರಡು ಲವಂಗದ ಪುಡಿ, ಇಷ್ಟನ್ನೂ ಎರಡು ಸಲ ಜರಡಿ ಹಿಡಿಯಿರಿ.

ರಾಗಿಯನ್ನೇ ಪೂರ್ತಿ ಹಾಕಬಾರದೇ ಎಂದು ನಮ್ಮ ಸೀಮೆಯವರು ಕೇಳಿಯೇ ಕೇಳುತ್ತಾರೆ. ರಾಗಿಗೆ ಗೋಧಿಯಲ್ಲಿರುವ ಅಂಟು ಇಲ್ಲ. ಮುದ್ದೆಯಾಗಿ ನಿಲ್ಲುವುದು ಬಿಸಿನೀರಿನಲ್ಲಿ ಬೆಂದಾಗ, ಒಣಕಾವಿನಲ್ಲಿ ಪುಡಿಪುಡಿಯಾಗುತ್ತದೆ. ನಾಲ್ಕರಲ್ಲಿ ಒಂದು ಪಾಲು ಹಾಕಿದರೆ ಹುರಿದ ಪರಿಮಳವೂ ಬಂತು, ಬಿಲ್ಲೆಯೂ ನಿಂತಿತು. ಸೋಡದ ವಿಷಯದಲ್ಲಿ ಧಾರಾಳ ಬೇಡ. ಮೊಸರಿನ ಹುಳಿ ತಾಗಿದೊಡನೆ ಅದರಿಂದ ಗಾಳಿಗುಳ್ಳೆ ಎದ್ದು ಹಿಟ್ಟು ಉಬ್ಬುತ್ತದೆ. ಹುಳಿಗೆ ಮೀರಿ ಹಾಕಿದರೆ ಉಳಿದ ಸೋಡ ಸಾಬೂನಿನ ರುಚಿ ಕೊಡುತ್ತದೆ. ಗುಳ್ಳೆ ಆರಿಹೋಗುವ ಮೊದಲೇ ಒಲೆಗೆ ಸೇರಬೇಕಾದ್ದರಿಂದ, ಒಣಹಿಟ್ಟನ್ನು ಸೇರಿಸುವ ಮುಂಚೆಯೇ ಒಲೆ ಕಾದಿರಲಿ. ಹಿಟ್ಟು ಸೇರಿಸಿದ ಮೇಲೆ ಬಹಳ ಕಲಸಬೇಡಿ, ಕಲಸಿದಷ್ಟೂ ಗಡಸಾಗುತ್ತದೆ.

ಎಂಟು ಅಂಗುಲದ ಚೌಕ ತಟ್ಟೆಗೆ ಎಣ್ಣೆ ಸವರಿ, ಹಿಟ್ಟು ಉದುರಿಸಿ, ಕಲಸಿದ್ದನ್ನು ಹರಡಿ, ಮೇಲೆ ಹುರಿದು ಒಡೆದ ಕಡಲೆಬೀಜ ಒಂದು ಹಿಡಿ ಚೆಲ್ಲಿ. ವಿದ್ಯುತ್ ಒಲೆ ಇದ್ದವರು 180 ಡಿಗ್ರಿಯಲ್ಲಿ ಮೂವತ್ತರಿಂದ ಮೂವತ್ತೈದು ನಿಮಿಷ ಇಟ್ಟರೆ ಮುಗಿಯಿತು. ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಎರಡು ಬೆರಳು ಒಣಮರಳು ಹರವಿ, ಹದಿನೈದು ನಿಮಿಷ ಕಾಯಿಸಿ, ಕಬ್ಬಿಣದ ಸಿಂಬಿಯ ಮೇಲೆ ತಟ್ಟೆ ಇಟ್ಟು, ಮುಚ್ಚಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಬೇಕು. ತಟ್ಟೆ ಮರಳಿಗೆ ತಗಲಬಾರದು; ನಮ್ಮ ತಳ ಸೀದದ್ದಕ್ಕೆ ಅದೂ ಒಂದು ಕಾರಣ. ಸೌದೆ ಒಲೆಯವರಿಗೆ ಇನ್ನೊಂದು ಅನುಕೂಲ ಉಂಟು. ಮುಚ್ಚಳದ ಮೇಲೆ ಕೆಂಡ ಹರವಿದರೆ ಮೇಲುಭಾಗವೂ ಕೆಂಪಗೆ ಬೇಯುತ್ತದೆ. ದಮ್ ಎನ್ನುವುದು ಇದನ್ನೇ; ಬಿರಿಯಾನಿ ಮಾಡುವವರಿಗೆ, ರವೆಯಿಂದಲೂ ಬೂದುಗುಂಬಳದಿಂದಲೂ ದಮ್‌ರೋಟು ಮಾಡುವವರಿಗೆ ಇದು ಗೊತ್ತು. 1687ರಿಂದ ಎಪ್ಪತ್ತು ವರ್ಷ ಮೊಗಲರ ಸುಬಾದ ಮುಖ್ಯ ಪಟ್ಟಣವಾಗಿದ್ದ ಶಿರಾದವರಿಗಂತೂ ನಾನು ಇದನ್ನು ಹೇಳಿಕೊಡಬೇಕಾಗಿಲ್ಲ.

ಪಾವಗಡದ ಬಿಸಿಲಿಗೂ ಈ ಕೆಲಸ ಒಪ್ಪಿಸಬಹುದು. ತಿರುಮಣಿಯ ಸುತ್ತ ಆ ಬಿಸಿಲಿನಿಂದಲೇ ಎರಡು ಸಾವಿರ ಮೆಗಾವಾಟಿಗೂ ಮೇಲ್ಪಟ್ಟು ವಿದ್ಯುತ್ತು ಮಾಡುವ ಏರ್ಪಾಡು 2018ರಿಂದ ನಡೆದಿದೆ. ಕನ್ನಡಿಯ ಮುಚ್ಚಳದ ಸೌರ ಪೆಟ್ಟಿಗೆ ಒಲೆಯಲ್ಲಿ ಶಾಖ ಕಡಮೆಯಾದ್ದರಿಂದ ಬಿಲ್ಲೆಗೆ ಎರಡು ಮೂರು ಗಂಟೆ ಬೇಕು, ಮೇಲೆ ಕೆಂಪೇರುವುದೂ ಅಷ್ಟಕ್ಕಷ್ಟೆ. ಆದರೆ ಸೀಯುವ ಭಯವಿಲ್ಲ. ಮೋಡದ ದಿನ ಮಾತ್ರ ನಂಬಬೇಡಿ.

ಕಡ್ಡಿ ಚುಚ್ಚಿದರೆ ಅಂಟದೆ ಬರಬೇಕು. ಬಿಸಿಯಲ್ಲಿ ಕೊಯ್ದರೆ ಮುರಿಯುತ್ತದೆ, ಎರಡು ಗಂಟೆ ಆರಲಿ. ಮಕ್ಕಳಿಗೆ ಇದೇ ಕಷ್ಟ! ಹೊರಗಿಟ್ಟರೆ ಎರಡು ದಿನ, ತಂಗಳಪೆಟ್ಟಿಗೆಯಲ್ಲಾದರೆ ಐದಾರು ದಿನ ಕೆಡದು.

ಇದು ಸಿಹಿತಿಂಡಿಯೇ ಹೊರತು ಔಷಧವಲ್ಲ. ಸಕ್ಕರೆ ಕಾಯಿಲೆಯವರು ಬೆಲ್ಲವೆಂದು ಮೋಸಹೋಗಬಾರದು. ಆದರೂ ಕುಂಬಳದ ಕಿತ್ತಳೆ ಬಣ್ಣದಲ್ಲಿ ಒಂದು ಗುಣವಿದೆ. ಆ ಬಣ್ಣವೇ ಕೆರೋಟಿನ್. ನಮ್ಮ ದೇಹ ಅದನ್ನು ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ಅದರ ಕೊರತೆಯಿಂದ ಮಕ್ಕಳಿಗೆ ಇರುಳುಗಣ್ಣು ಬರುತ್ತದೆ. ಮಕ್ಕಳಿಗೆ ಈ ಜೀವಸತ್ವದ ಹನಿ ಕುಡಿಸುವ ರಾಷ್ಟ್ರೀಯ ಕಾರ್ಯಕ್ರಮ 1970ರಲ್ಲಿ ಆರಂಭವಾಯಿತು. ಹನಿ ಬೇಕು, ಜೊತೆಗೆ ದಿನದ ಊಟದಲ್ಲೂ ಇದ್ದರೆ ಒಳ್ಳೆಯದು. ಕೆರೋಟಿನ್ ಮೈಗೆ ಹತ್ತಬೇಕಾದರೆ ಜೊತೆಗೆ ಕೊಂಚ ಎಣ್ಣೆಯೋ ತುಪ್ಪವೋ ಇರಬೇಕು. ನೀರಿನಲ್ಲಿ ಬೆಂದ ಸಪ್ಪೆ ಕುಂಬಳಕ್ಕಿಂತ ಕಡಲೆಕಾಯಿ ಎಣ್ಣೆ ಬಿದ್ದ ಪಲ್ಯ, ಬಿಲ್ಲೆಗಳು ಈ ದೃಷ್ಟಿಯಿಂದ ಮೇಲು.

ಎರಡನೆಯ ಸಲದ ಬಿಲ್ಲೆ ಆ ಬೇಕರಿಯ ಒಲೆಯಲ್ಲೇ ಬೆಂದಿತು. ಮಧ್ಯಾಹ್ನ ಬನ್ನು ತೆಗೆದಾದ ಮೇಲೆ ಒಲೆಯಲ್ಲಿ ಉಳಿಯುವ ಕಾವು ನಮ್ಮ ಎರಡು ತಟ್ಟೆಗೆ ಸಾಕಾಯಿತು. ದೊಡ್ಡಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಸುಮ್ಮನಿದ್ದು, “ಶುಂಠಿ ಒಂದಿಷ್ಟು ಮುಂದಾಗಿದೆ” ಎಂದರು. ಪಲ್ಯ ಬಿಟ್ಟೇಳುತ್ತಿದ್ದ ಮೊಮ್ಮಗ ಇದು ಕುಂಬಳವೆಂದು ತಿಳಿಯದೆ ಮೂರು ತಿಂದ. ಅವನಿಗೆ ನಿಜ ಹೇಳಿದ್ದು ಸಂಕ್ರಾಂತಿಯ ಮೇಲೆ. ಅವರ ಓಣಿಯ ಸ್ತ್ರೀಶಕ್ತಿ ಸಂಘದ ಹೆಂಗಸರು ಈಗ ನವರಾತ್ರಿಯಿಂದ ದೀಪಾವಳಿಯವರೆಗೆ ವಾರಕ್ಕೊಮ್ಮೆ ಮಾಡಿ ಸಂತೆಯಲ್ಲಿ ಮಾರುತ್ತಾರೆ. ಹೀಗೆ ಮಾರಹೊರಟವರು ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿಕೊಳ್ಳಬೇಕು, ಮಾಡಿದ ತಾರೀಖನ್ನು ಪೊಟ್ಟಣದ ಮೇಲೆ ಬರೆಯಬೇಕು.

ದನಕ್ಕೆ ಹೋದದ್ದು ಆ ವರ್ಷ ನಾಲ್ಕೇ ಕಾಯಿ, ಅವೂ ಕೊಳೆತವು. ಎಲ್ಲಕ್ಕಿಂತ ದಪ್ಪನಾದ ಒಂದನ್ನು ದೊಡ್ಡಮ್ಮ ಯಾರಿಗೂ ಮುಟ್ಟಗೊಡಲಿಲ್ಲ. ಯುಗಾದಿ ಕಳೆದ ಮೇಲೆ ಒಡೆಸಿ, ಬೀಜ ತೊಳೆದು, ಬೂದಿಯಲ್ಲಿ ಹೊರಳಿಸಿ ಒಣಗಿಸಿ, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ಜಂತಿಗೆ ಸಿಕ್ಕಿಸಿದರು.