ಗದ್ದೆಯ ಚಿತ್ರಕ್ಕೂ ಒಕ್ಕಣೆ ಬೇಕು

ಹೊಲ, ಹಸಿವು, ಊಟ ಇವುಗಳ ಸುತ್ತ ಛಾಯಾಚಿತ್ರ ಸ್ಪರ್ಧೆಗಳು ಈಗ ಜಗತ್ತಿನಾದ್ಯಂತ ನಡೆಯುತ್ತವೆ. 2011ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಆಹಾರ ಛಾಯಾಚಿತ್ರ ಸ್ಪರ್ಧೆಯೊಂದಕ್ಕೆ ಮುಂದೆ ವಿಶ್ವ ಆಹಾರ ಕಾರ್ಯಕ್ರಮದ ವಿಭಾಗವೂ ಸೇರಿತು. ತೀರ್ಥಹಳ್ಳಿ ತಾಲೂಕಿನ ಅರಳಸುರಳಿ, ಆಚೆಯ ಹೊಸನಗರ, ಸಾಗರದ ಕಡೆಯಿಂದ ಇಂಥ ಸ್ಪರ್ಧೆಗೆ ಯಾವ ಚಿತ್ರ ಹೋದೀತು? ಗೊರಬು ಹೊದ್ದು ನೆಟ್ಟಿ ಮಾಡುವ ಹೆಂಗಸರು, ಗದ್ದೆಯಂಚಿನ ಮಂಜು, ಭೂಮಿ ಹುಣ್ಣಿಮೆಗೆ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ. ಎಲ್ಲವೂ ಚೆಂದ, ಎಲ್ಲವೂ ನಿಜ. ಆದರೆ ಆಹಾರ ಭದ್ರತೆ ಎಂದರೆ ಬೆಳೆದ ಪೈರಷ್ಟೇ ಅಲ್ಲ. ಎಲ್ಲರಿಗೂ ಎಲ್ಲ ಕಾಲದಲ್ಲೂ ಸಾಕಷ್ಟು ಪೌಷ್ಟಿಕ ಆಹಾರ ಕೈಗೆಟುಕಬೇಕು ಎಂದು 1996ರ ರೋಮ್ ಆಹಾರ ಶೃಂಗಸಭೆ ಅದನ್ನು ವಿವರಿಸಿತು. ಈ ‘ಎಲ್ಲ ಕಾಲ’ ಒಂದು ಕ್ಲಿಕ್ಕಿಗೆ ಸಿಗುವುದಿಲ್ಲ. ಕಾಳು ಬಿಡಿಸುವ ಕೆಲಸಕ್ಕೂ ಬರೆದ ಮಾತಿಗೂ ಕನ್ನಡದಲ್ಲಿ ಒಂದೇ ಪದವಿದೆ, ಒಕ್ಕಣೆ. ಕೃಷಿ ಚಿತ್ರದ ಜೊತೆ ಅದರ ಒಕ್ಕಣೆಗೂ ಅಂಕ ಕೊಡಬೇಕು ಎಂಬುದು ನನ್ನ ವಾದ.

ಸಾಕ್ಷಿ ಸಾಗರದ ನೆಲದಲ್ಲೇ ಇದೆ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಜಗಳ ಬೆಳೆ ಕೈಕೊಟ್ಟದ್ದಕ್ಕಲ್ಲ, ಅಳೆಯುವ ಕೊಳಗಕ್ಕೆ. ಗೇಣಿ ಭತ್ತ ಅಳೆಯಲು ಒಡೆಯರು ದೊಡ್ಡ ಕೊಳಗ ಬಳಸುತ್ತಾರೆ ಎಂಬುದು ಗೇಣಿದಾರರ ದೂರು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಕಣದಲ್ಲಿ ಯಾರಾದರೂ ಕ್ಯಾಮರಾ ಹಿಡಿದಿದ್ದರೆ ಭತ್ತದ ರಾಶಿ ಸುಗ್ಗಿಯ ಸಂಭ್ರಮವಾಗಿ ಮೂಡುತ್ತಿತ್ತು. ರಾಶಿಯಲ್ಲಿ ಉತ್ತವನ ಮನೆಗೆ ಹೋಗುವುದೆಷ್ಟು ಎಂಬುದು ಚಿತ್ರದಲ್ಲಿ ಕಾಣುತ್ತಿರಲಿಲ್ಲ. 1943ರ ಬಂಗಾಳದ ಕ್ಷಾಮದ ಕಥೆಯೂ ಇದೇ. ಸುನಿಲ್ ಜಾನಾ ತೆಗೆದ ಚಿತ್ರಗಳು ಸಾವನ್ನು ದೇಶದ ಕಣ್ಣೆದುರು ಇಟ್ಟವು. ಅಕ್ಕಿಯ ಕೊರತೆಗಿಂತ ಅದನ್ನು ಕೊಳ್ಳುವ ಶಕ್ತಿ ಬಡವರ ಕೈತಪ್ಪಿದ್ದೇ ಮುಖ್ಯ ಕಾರಣ ಎಂದು ವಾದಿಸಲು 1981ರಲ್ಲಿ ಅಮರ್ತ್ಯ ಸೇನ್ ಒಂದು ಪುಸ್ತಕವನ್ನೇ ಬರೆಯಬೇಕಾಯಿತು.

ಇಂದು ಮಲೆನಾಡಿನಲ್ಲಿ ಎಷ್ಟೋ ಗದ್ದೆಗಳು ಅಡಿಕೆ ತೋಟಗಳಾಗಿವೆ. ಆಳು ಸಿಗದ, ಭತ್ತಕ್ಕೆ ಬೆಲೆಯಿಲ್ಲದ ಕಾಲದಲ್ಲಿ ಇದು ರೈತನ ತಪ್ಪಲ್ಲ. ಅಡಿಕೆ ಊಟವಲ್ಲವಲ್ಲ, ಆಹಾರದ ಸ್ಪರ್ಧೆಯಲ್ಲಿ ಅದಕ್ಕೇನು ಕೆಲಸ ಎಂದು ಕೇಳಬಹುದು. ಗದ್ದೆ ಹೋದ ಮನೆಗೆ ಅಕ್ಕಿ ಬರುವುದು ಅಡಿಕೆಯ ದುಡ್ಡಿನಿಂದ. ಕೊಳೆರೋಗಕ್ಕೆ ಕಾಯಿ ಉದುರಿದರೆ, ಎಲೆಚುಕ್ಕೆ ರೋಗಕ್ಕೆ ಸೋಗೆ ಒಣಗಿದರೆ ಅದರ ಬಿಸಿ ಅಡುಗೆಮನೆಗೇ ತಟ್ಟುತ್ತದೆ. ಗದ್ದೆಯ ಜೊತೆ ಹೆಗ್ಗೆ, ನೆರೆಗುಳಿಯಂಥ ನಾಡತಳಿಗಳೂ ಹೋಗುತ್ತವೆ. ನೆರೆ ನಿಂತರೂ ತಾಳಿಕೊಳ್ಳುವುದು ನೆರೆಗುಳಿಯ ಗುಣ. ಹೀಗಾಗಿ ಚುಕ್ಕೆ ಬಿದ್ದ ಒಂದು ಸೋಗೆಯ ಚಿತ್ರವೂ ಆಹಾರದ ಚಿತ್ರವೇ. ಆದರೆ ಒಕ್ಕಣೆ ಇಲ್ಲದಿದ್ದರೆ ಹೊರಗಿನವರಿಗೆ ಅದು ಬರೀ ಒಣಗಿದ ಎಲೆ.

ಒಳ್ಳೆಯ ಚಿತ್ರ ತಾನೇ ಮಾತಾಡುತ್ತದೆ, ಮಾತಿನ ಊರುಗೋಲು ಅದಕ್ಕೇಕೆ ಎಂಬ ಆಕ್ಷೇಪ ಹಗುರವಾದುದಲ್ಲ. 1936ರಲ್ಲಿ ಕ್ಯಾಲಿಫೋರ್ನಿಯಾದ ಬಟಾಣಿ ಕೊಯ್ಲಿನ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ ತಾಯಿಯ ಚಿತ್ರದ ಮುಖವೇ ಎಲ್ಲವನ್ನೂ ಹೇಳುತ್ತದೆ ಎನ್ನುವವರಿದ್ದಾರೆ. ಆದರೆ ಬೆಳೆ ಹಾಳಾಗಿ ಕೂಲಿಯವರು ಹಸಿದಿದ್ದಾರೆ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆಯೇ ಆ ಬಿಡಾರಕ್ಕೆ ಸರ್ಕಾರದ ಆಹಾರ ಹೋಯಿತು. ಹೆಸರನ್ನೂ ಕೇಳದೆ ಚಿತ್ರ ತೆಗೆದರೆಂಬ ನೋವನ್ನು ಆ ತಾಯಿ ಹೇಳಿಕೊಂಡದ್ದು 1978ರಲ್ಲಿ. ಒಕ್ಕಣೆಯೂ ಸುಳ್ಳಾಗಬಹುದು, ನಿಜ. ಆದರೆ ಬರೆದ ಮಾತನ್ನು ಊರಿನವರು ಓದಿ ತಿದ್ದಬಹುದು.

ನಮ್ಮ ತಾಲೂಕುಗಳಲ್ಲಿ ಕೃಷಿ ಚಿತ್ರ ಸ್ಪರ್ಧೆ ನಡೆಸುವವರಲ್ಲಿ ಒಂದು ಕೋರಿಕೆ. ಒಂದೇ ಗದ್ದೆಯ ಮೂರು ಚಿತ್ರ ಕೇಳಿ: ನೆಟ್ಟಿಯದು, ಕೊಯ್ಲಿನದು, ಆ ಮನೆಯ ಅಕ್ಕಿ ಡಬ್ಬಿಯದು. ಊರು, ತಿಂಗಳು, ತಳಿ, ದುಡಿದವರ ಕೂಲಿ ಬರೆಸಿ. ಚಿತ್ರದಲ್ಲಿರುವವರು ಒಪ್ಪಿದರೆ ಅವರ ಹೆಸರನ್ನೂ ಹಾಕಿ.